ಪುಯೆರ್ತಾ ಎಂದರೆ ಬಾಗಿಲು

ಮೂರೇ ತಿಂಗಳಲ್ಲಿ ಸ್ಪ್ಯಾನಿಷ್ ಭಾಷೆಯನ್ನು ಅರೆದು ಕುಡಿದುಬಿಡುತ್ತೇನೆ ಎಂದು ನಾನು ಶಪಥ ಮಾಡಿದ್ದು ಭಾನುವಾರ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಗೆ ಬಾಗಿಲೇ ಇರಲಿಲ್ಲ!

ನನ್ನ ವಿಧಾನ ಸರಳ. ದಿನಕ್ಕೊಂದು ನಾಮಪದ. ಅದನ್ನು ಚೀಟಿಯಲ್ಲಿ ಬರೆದು ಆ ವಸ್ತುವಿಗೇ ಅಂಟಿಸುವುದು, ಮುಟ್ಟಿದಾಗಲೆಲ್ಲ ಗಟ್ಟಿಯಾಗಿ ಹೇಳುವುದು. ಮೊದಲ ಪದ ‘ಪುಯೆರ್ತಾ’, ಅಂದರೆ ಬಾಗಿಲು. ಅದರ ಮುಂದೆ ‘ಲಾ’ ಸೇರಿಸಿ ಹೇಳಬೇಕೆಂದು ನಾನು ಕೊಂಡು ತಂದಿದ್ದ ಸ್ಪ್ಯಾನಿಷ್ ಪುಸ್ತಕದ ಕಟ್ಟಪ್ಪಣೆ.

“ಇನ್ಮೇಲೆ ನೀನೂ ಲಾ ಪುಯೆರ್ತಾ ಅಂತಲೇ ಅನ್ನಬೇಕು,” ಎಂದೆ ಹೆಂಡತಿಗೆ.

“ಲಾ ಲಾ ಅಂತ ನೀವೇ ಹಾಡ್ಕೊಳ್ಳಿ. ನಾಳೆ ಹತ್ತು ಗಂಟೆಗೆ ನನ್ನ ಡ್ರೈವಿಂಗ್ ಟೆಸ್ಟು. ಆಗಲೇ ಎರಡು ಸಲ ಫೇಲಾಗಿದೀನಿ. ಇದೂ ಹೋದ್ರೆ ನಿಮ್ಮ ಗ್ರಹಚಾರ ಬಿಡಿಸ್ತೀನಿ!”

ಗೋಂದು ಹಚ್ಚಿದ ಚೀಟಿ ಎರಡು ಸಲ ಉದುರಿತು. ನಾನು ಬಿಡುವವನೇ! ಚಪ್ಪಲಿಗೆಂದು ತಂದಿದ್ದ ಅಂಟಿನ ಟ್ಯೂಬನ್ನು ಪೂರ್ತಿ ಹಿಂಡಿದೆ. ಚೀಟಿ ದೊಡ್ಡದು, ಬಾಗಿಲು ದಾಟಿ ಚೌಕಟ್ಟಿನ ಮೇಲೂ ಒಂದು ಗೇಣು ಚಾಚಿತ್ತು. ಮಿಕ್ಕ ಅಂಟು ಸಂದಿಯೊಳಗೆ ಇಳಿಯಿತು. ಜ್ಞಾನವೂ ಹೀಗೇ ಇಳಿಯಬೇಕು ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಒಂಬತ್ತಕ್ಕೆ ಹೆಂಡತಿ ಚಿಲಕ ತೆಗೆದು ಎಳೆದಳು. ಬಾಗಿಲು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ನಾನು ಎಳೆದೆ. ಹಿಡಿ ಕೈಗೆ ಬಂತು, ಬಾಗಿಲು ಬರಲಿಲ್ಲ.

“ಬಾಗಿಲು ತೆಗಿ ಅನ್ನೋಕೆ ‘ಆಬ್ರೆ ಲಾ ಪುಯೆರ್ತಾ’ ಅಂತಾರೆ,” ಎಂದೆ. ಏನಾದರೂ ಹೇಳಬೇಕಲ್ಲ!

“ಅದಕ್ಕೆ ಹೇಳಿ, ನನಗಲ್ಲ!”

ಅವಳ ಕಣ್ಣಲ್ಲಿ ನೀರು ಕಂಡು ನನಗೆ ನಿಜಕ್ಕೂ ಸಂಕಟವಾಯಿತು. ಆರು ತಿಂಗಳಿಂದ ನಿದ್ದೆಯಲ್ಲೂ ಕ್ಲಚ್ಚು, ಬ್ರೇಕು ಎಂದು ಕನವರಿಸಿದವಳು. ಮರುಕ್ಷಣ ನನ್ನ ಪುಸ್ತಕವನ್ನು ಕಿತ್ತುಕೊಂಡು ತನ್ನ ಚೀಲಕ್ಕೆ ತುರುಕಿ, “ಇನ್ನು ಇದು ಮನೇಲಿರಕೂಡದು!” ಎಂದು ಅಡುಗೆಮನೆಯತ್ತ ನಡೆದಳು. ಧಡ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಅವಳಿಲ್ಲ. ಸರಳಿಲ್ಲದ ಕಿಟಕಿ ತೆರೆದಿತ್ತು, ಹೊರಗೆ ಹೂಕುಂಡವೊಂದು ಒಡೆದಿತ್ತು.

ಫೋನು ಮಾಡಿ ಕರೆಸಿದ ಬಡಗಿ ಅದೇ ಕಿಟಕಿ ಹತ್ತಿ ಒಳಗೆ ಬಂದು, ಕೀಲು ಬಿಚ್ಚಿ ಬಾಗಿಲನ್ನೇ ಕಿತ್ತ. “ಅಂಚು ಹೆರೀಬೇಕು ಸಾರ್. ನಾಳೆ ಸಂಜೆ ತರ್ತೀನಿ. ಅಲ್ಲೀವರೆಗೂ ನೀವೇ ಬಾಗಿಲು,” ಎಂದು ಹೊತ್ತುಕೊಂಡು ಹೋದ. ನನ್ನ ಚೀಟಿಯೂ ಅದರ ಮೇಲೆ ಮೆರವಣಿಗೆ ಹೊರಟಿತು! ಕಚೇರಿಗೆ ರಜೆ ಹೇಳಿ ಹೊಸ್ತಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತೆ. ಬೀದಿನಾಯಿಗಳೂ ನನ್ನನ್ನು ನೋಡಿ ಮರುಗಿದವು.

ಮಧ್ಯಾಹ್ನ ಹೆಂಡತಿ ಬಂದಳು. ಮಂಡಿ ತರಚಿತ್ತು, ಮುಖ ಅರಳಿತ್ತು. ಪಾಸು!

“ಬಸ್ಸಲ್ಲಿ ನಿಮ್ಮ ಪುಸ್ತಕ ತೆಗೆದು ನೋಡ್ದೆ ಕಣ್ರೀ. ಒಂದು ಪದ ಕಲ್ತೆ, ‘ಲಾ ವೆಂತಾನಾ’.”

“ಹಾಗಂದ್ರೆ?”

“ಕಿಟಕಿ. ಬಳಸಿ ಕಲ್ತಿದ್ದು, ಈ ಜನ್ಮದಲ್ಲಿ ಮರೆಯಲ್ಲ. ಈಗ ಸ್ವಲ್ಪ ಸರೀರಿ ಲಾ ಪುಯೆರ್ತಾ, ನಾನು ಒಳಗೆ ಹೋಗ್ಬೇಕು.”

ನಾನು ಬಾಯಿ ಮುಚ್ಚಿಕೊಂಡು, ಕುರ್ಚಿ ಸರಿಸಿ ತೆರೆದುಕೊಂಡೆ.