ನಾಲಿಗೆ ಕೈಕೊಟ್ಟ ದಿನ

ಅವಸರಕ್ಕೆ ಬಿದ್ದು, ಕುದಿಯುವ ಕಾಫಿಯನ್ನು ಒಂದೇ ಗುಟುಕಿಗೆ ಇಳಿಸಿದ್ದೇ ತಪ್ಪಾಯಿತು. ಬಿಸ್ಕತ್ತು ಕಾರ್ಖಾನೆಯ ರುಚಿಗಾರನಿಗೆ ನಾಲಿಗೆಯೇ ಬಂಡವಾಳ. ಅದೀಗ ಸುಟ್ಟು ಚಪ್ಪಲಿಯ ಅಟ್ಟೆಯಂತಾಗಿತ್ತು. ಅದೂ ಯಾವತ್ತು? ಮುಖ್ಯ ರುಚಿಗಾರನ ಹುದ್ದೆಗೆ ಮಾಲೀಕರು ಅವನನ್ನು ಪರೀಕ್ಷಿಸುವ ದಿನವೇ!

"ನಾಲಿಗೆ ಚಾಚು" ಎಂದು ಕಾರ್ಖಾನೆಯ ಮೆಕ್ಯಾನಿಕ್ ಟಾರ್ಚ್ ಬಿಟ್ಟು ನೋಡಿದ. "ತುದೀನೇ ಜಾಸ್ತಿ ಸುಟ್ಟಿರೋದು. ಸಿಹಿ ಗೊತ್ತಾಗೋದು ತುದೀಲಿ, ಕಹಿ ಹಿಂದೆ. ಕಹಿಗೇನೂ ತೊಂದ್ರೆ ಇಲ್ಲ, ಖುಷಿಪಡು."

"ಯಾರೋ ಹೇಳಿದ್ದು ನಿಂಗೆ? ಎಲ್ಲಾ ಕಡೆನೂ ಎಲ್ಲಾ ರುಚಿ ಗೊತ್ತಾಗತ್ತೆ" ಎಂದು ಪ್ಯಾಕಿಂಗ್ ವಿಭಾಗದ ಅಕ್ಕ ಅಡ್ಡಬಂದಳು.

ಜಗಳ ತೀರಬೇಕಲ್ಲ? ಇಬ್ಬರೂ ಸೇರಿ ಬಡಪಾಯಿಯ ನಾಲಿಗೆಯ ಬುಡಕ್ಕೆ ಸಕ್ಕರೆ, ತುದಿಗೆ ಉಪ್ಪು, ಅಂಚಿಗೆ ನಿಂಬೆರಸ ಸವರಿದರು. ರುಚಿಗಾರ ಅಯ್ಯಯ್ಯೋ ಎಂದು ಹಾರಿಬಿದ್ದ.

"ನೋಡು, ಹುಳಿ ಗೊತ್ತಾಯ್ತು!" ಎಂದ ಮೆಕ್ಯಾನಿಕ್.

"ಹುಳಿ ಅಲ್ಲ ಮಾರಾಯ, ಉರಿ! ಉರಿ ಅಂದ್ರೆ ರುಚಿ ಅಲ್ಲ, ನೋವು!" ಎಂದು ರುಚಿಗಾರ ತೊದಲಿದ. ಅವನಿಗೆ ಅಳುವೇ ಬಂದಿತ್ತು.

ಅಕ್ಕನಿಗೆ ಕನಿಕರ ಬಂತು. ಚಿಟಿಕೆ ದಾಲ್ಚಿನ್ನಿ ಪುಡಿ ಅವನ ಬಾಯಿಗೆ ಹಾಕಿ, ಮೂಗು ಬಿಗಿಯಾಗಿ ಹಿಡಿದಳು. ಮಣ್ಣು ತಿಂದಂತಾಯಿತು. ಮೂಗು ಬಿಟ್ಟಳು. ದಾಲ್ಚಿನ್ನಿ ಘಮ್ಮೆಂದು ತಲೆಗೇರಿತು!

"ನೋಡಿದ್ಯಾ? ನಾವು ರುಚಿ ಅಂದ್ಕೊಳ್ಳೋದ್ರಲ್ಲಿ ಬಹುಪಾಲು ಮೂಗಿಂದೇ. ಅದನ್ನೇ ನಂಬ್ಕೊಂಡು ಹೋಗು."

ರುಚಿಗಾರನಿಗೆ ಹೋದ ಜೀವ ಬಂದಂತಾಯಿತು.

ಮಧ್ಯಾಹ್ನ ಮಾಲೀಕರು ಮೂರು ತಟ್ಟೆ ಬಿಸ್ಕತ್ತು ಇಟ್ಟರು. ಮೊದಲನೆಯದನ್ನು ಕಚ್ಚಿದವನೇ, "ತಳ ಸೀದಿದೆ ಸಾರ್" ಎಂದ. ಎರಡನೆಯದಕ್ಕೆ, "ಇದಕ್ಕೆ ಹಾಕಿದ ಮೊಟ್ಟೆಗಳಲ್ಲಿ ಒಂದು ಕೆಡೋಕೆ ಶುರುವಾಗಿತ್ತು" ಎಂದ. ಮಾಲೀಕರು ಬೆರಗಾಗಿ ಎದ್ದೇ ನಿಂತರು. ಮೂರನೆಯದು ಬೆಣ್ಣೆ, ವೆನಿಲ್ಲಾ ಸೇರಿ ಸ್ವರ್ಗದಂತೆ ಘಮಘಮಿಸುತ್ತಿತ್ತು.

"ಅದ್ಭುತ ಸಾರ್! ಸಿಹಿ ಹದವಾಗಿದೆ" ಎಂದು ಕಣ್ಣು ಮುಚ್ಚಿ ಚಪ್ಪರಿಸಿದ.

"ಅದಕ್ಕೆ ಸಕ್ಕರೆ ಬದಲು ಬೇಕಂತಲೇ ಉಪ್ಪು ಹಾಕ್ಸಿದ್ದೆ ಕಣ್ರೀ" ಎಂದರು ಮಾಲೀಕರು.

ಉಪ್ಪಿಗೂ ಸಕ್ಕರೆಗೂ ವಾಸನೆಯೇ ಇಲ್ಲವೆಂಬುದು ರುಚಿಗಾರನಿಗೆ ಆಗ ಹೊಳೆಯಿತು. ಕೆಲಸ ಹೋಯಿತೆಂದು ತಲೆತಗ್ಗಿಸಿ ನಿಂತ. ಆದರೆ ಮಾಲೀಕರು ಬೆನ್ನು ತಟ್ಟಿದರು.

"ನಿಮ್ಮ ನಾಲಿಗೆ ಕೆಲಸಕ್ಕೆ ಬಾರದ್ದು. ಆದ್ರೆ ಇಂಥ ಮೂಗು ಎಲ್ಲೂ ಸಿಗಲ್ಲ! ನಾಳೆಯಿಂದ ಮೊಟ್ಟೆ ಕೋಣೆಗೆ ಬನ್ನಿ. ಕೆಟ್ಟಿದ್ದನ್ನ ಮೂಸಿ ಬೇರೆ ಮಾಡೋದೇ ನಿಮ್ಮ ಕೆಲಸ."

"ಸಾರ್, ನಾಲಿಗೆ ಒಂದೆರಡು ವಾರದಲ್ಲಿ ಸರಿಹೋಗತ್ತೆ..."

"ಹೋಗ್ಲಿ ಬಿಡಿ. ಅಲ್ಲಿ ಅದು ಬೇಕಾಗಲ್ಲ."

ಬಾಗಿಲಲ್ಲಿ ನಿಂತಿದ್ದ ಅಕ್ಕ ಪಿಸುಗುಟ್ಟಿದಳು. "ಹೆದರ್ಬೇಡ. ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಹೋಗತ್ತೆ. ಆಮೇಲೆ ವಾಸನೆನೇ ಗೊತ್ತಾಗಲ್ಲ."

ಮಾಲೀಕರ ಕಿವಿ ಬಲು ಚುರುಕು.

"ನಿಜ, ನಿಜ. ಅದಕ್ಕೇ ಮೂಗು ಒಗ್ಗಿದ ಕೂಡ್ಲೇ ಹೊರಗೆ ಬಂದು ಒಳ್ಳೇ ಗಾಳಿ ತಗೊಂಡು, ಮತ್ತೆ ಒಳಗೆ ಹೋಗ್ಬೇಕು. ಪ್ರತಿ ಸಲಾನೂ ಹೊಸದಾಗಿ ನಾರ್ಬೇಕು ನಿಮಗೆ!"