ಕುಂಬಾಳಿಗೊಂದು ಫೋನ್ ನಂಬರು

“ಫೋನ್ ನಂಬರೇನವ್ವಾ? ನೀ ಒಂದು ಕಪ್ ಚಾ ಕುಡಿ, ಅಷ್ಟ್ರಾಗ ತಂದು ಕೈಯಾಗ ಇಡ್ತೇನಿ! ಸವಣೂರಾಗ ಬಂದೇಸಾಬ ಅಂದ್ರ ಏನಂತ ತಿಳಿದಿ?”

ಹೀಗೆ ಎದೆ ತಟ್ಟಿಕೊಂಡವರು ವೀಳ್ಯದೆಲೆ ವ್ಯಾಪಾರಿ ಬಂದೇಸಾಬರು. ಕೇಳಿಸಿಕೊಂಡವಳು ಕುಂಬಾ, ಆಫ್ರಿಕಾದ ಸೆನೆಗಲ್ ದೇಶದ ಹುಡುಗಿ. ಸವಣೂರಿನ ದೊಡ್ಡಹುಣಸೆ ಎಂಬ ಬಾವೊಬಾಬ್ ಮರಗಳ ಬಳಗವೆಲ್ಲ ತನ್ನ ದೇಶದಲ್ಲಿದೆಯೆಂದು ಅವುಗಳ ಅಧ್ಯಯನಕ್ಕೆ ಬಂದು, ಬಂದೇಸಾಬರ ಮಾಳಿಗೆ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದಳು. ಕನ್ನಡ ಕಲಿತೇ ವಿಮಾನ ಹತ್ತಿದವಳು. ಇಳಿದ ಮೇಲೆ ಬಂದೇಸಾಬರ ಹೆಂಡತಿ ನಸೀರಾಳ ಬಾಯಿಂದ ಸವಣೂರಿನ ಮಾತನ್ನೂ ಹಿಡಿದುಬಿಟ್ಟಿದ್ದಳು.

ತೊಡಕು ಇಷ್ಟೇ. ಪರದೇಶದವಳು ಇಲ್ಲಿರಬೇಕಾದರೆ ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು. ನೋಂದಾಯಿಸಲು ಇಲ್ಲಿಯದೇ ಮೊಬೈಲ್ ನಂಬರು ಬೇಕು. ಶುಕ್ರವಾರದೊಳಗೆ ಸಿಗದಿದ್ದರೆ ಮರ ಇಲ್ಲೇ, ಕುಂಬಾ ಮಾತ್ರ ಗಂಟುಮೂಟೆ ಕಟ್ಟಿಕೊಂಡು ವಾಪಸು!

ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯ ಮುಜಮ್ಮಿಲ ಪಾಸ್‌ಪೋರ್ಟು, ವೀಸಾ ಎಲ್ಲ ನೋಡಿ ಹೇಳಿದ: “ಚಾಚಾ, ಗುರುತು ಹೇಳಾಕ ಒಬ್ಬರು ಬೇಕು. ಕಂಪನಿಯವರು ನಿಮಗ ಫೋನ್ ಮಾಡ್ತಾರ. ‘ಹೌದ್ರಿ, ಪರದೇಶದಾಕಿ, ನಮ್ಮಲ್ಲಿ ಬಾಡಿಗಿ ಅದಾಳ’ ಅಂದುಬಿಡ್ರಿ, ಮುಗೀತು.”

“ಇಷ್ಟ ಏನು? ಇದಕ್ಕೂ ನಾ ಬೇಕಾ?” ಎಂದು ಬಂದೇಸಾಬರು ಮೀಸೆ ತೀಡಿದರು.

ಫೋನು ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಎದುರಿಗೆ ಕುಂಬಾ ಕುಳಿತು ಎಣಗಾಯಿ ಪಲ್ಯದಲ್ಲಿ ರೊಟ್ಟಿ ಅದ್ದುತ್ತಿದ್ದಳು.

“ಸರ್, ಕುಂಬಾ ಅವರು ನಿಮ್ಮ ಬಾಡಿಗೆದಾರರೇ?”

ಬಂದೇಸಾಬರು ಹುಡುಗಿಯ ಮುಖ ನೋಡಿದರು. ತಮ್ಮ ಮನೆಯ ರೊಟ್ಟಿ ಮುರಿಯುತ್ತಿರುವವಳ ಎದುರಿಗೇ ‘ಬಾಡಿಗೆಯವಳು’ ಅನ್ನುವುದೇ? ಯಾವ ಬಾಯಿಂದ?

“ಛೇ ಛೇ, ಬಾಡಿಗಿ ಎಲ್ಲೀದ್ರಿ! ನಮ್ಮ ಮಗಳು ಆಕಿ!”

“ಮಗಳೇ? ಅವರು ಸೆನೆಗಲ್‌ನವರಲ್ಲವೇ ಸರ್?”

“ಎಲ್ಲಿಯಾಕಿ ಆದ್ರೇನು? ಮಗಳು ಅಂದ್ರ ಮಗಳು!”

ಕುಂಬಾಳ ಕಣ್ಣಲ್ಲಿ ನೀರು ತುಂಬಿತು. ನಸೀರಾ ಸಂತೋಷಕ್ಕೆ ಇನ್ನೊಂದು ರೊಟ್ಟಿ ಹಾಕಿದಳು. ಕೈ ತೊಳೆಯುವಷ್ಟರಲ್ಲಿ ಮುಜಮ್ಮಿಲನ ಫೋನು!

“ಏನ್ ಮಾಡಿದ್ರಿ ಚಾಚಾ! ಅರ್ಜಿ ತಿರಸ್ಕಾರ ಆತು! ನಿಮ್ಮ ಮಗಳು ಸೆನೆಗಲ್ ಪಾಸ್‌ಪೋರ್ಟ್ ಎಲ್ಲಿಂದ ತಂದ್ಲು ಅಂತ ನನ್ನ ಕೇಳಾಕತ್ತಾರ!”

“ನಿಮಗ ಒಂದು ಮಾತು ನೆಟ್ಟಗ ಆಡಾಕ ಬರಂಗಿಲ್ಲ,” ಎಂದು ನಸೀರಾ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಈ ಸಲ ನನ್ನ ನಂಬರ್ ಕೊಡ್ರಿ.”

ಮರುದಿನ ಅವಳಿಗೆ ಫೋನು ಬಂತು. ಬಾಡಿಗೆಯವಳೇ ಎಂದದ್ದಕ್ಕೆ “ಹೌದ್ರಿ” ಎಂದಳು. ಭಲೇ! ಬಂದೇಸಾಬರು ಉಸಿರು ಬಿಟ್ಟರು. ಅತ್ತಲಿಂದ ಇನ್ನೊಂದೇ ಪ್ರಶ್ನೆ: “ಪರದೇಶದವರು ತಾನೇ ಮೇಡಂ?”

“ಯಾವ ಪರದೇಶ?” ನಸೀರಾ ರೇಗಿಯೇಬಿಟ್ಟಳು. “ನಮ್ಮಂಗ ನಮಾಜ್ ಮಾಡ್ತಾಳ, ನಮ್ಮಂಗ ರೊಟ್ಟಿ ಬಡೀತಾಳ! ಇಂಥಾಕಿನ್ನ ಪರದೇಶದಾಕಿ ಅಂದ್ರ ನಾಲಿಗಿ ಬಿದ್ದು ಹೋಗ್ತೈತಿ ನೋಡ್ರಿ!”

ನಾಲಿಗೆ ಉಳಿಯಿತು, ಅರ್ಜಿ ಬಿತ್ತು.

“ಇನ್ನೊಮ್ಮೆ ಬಿತ್ತಂದ್ರ ಮುಗೀತು ಚಾಚಾ,” ಎಂದ ಮುಜಮ್ಮಿಲ. “ನಿಮ್ಮ ಪ್ರೀತಿನ ಆಕಿನ್ನ ಊರು ಬಿಡಸ್ತೈತಿ.”

ಆ ಮಾತು ಬಂದೇಸಾಬರ ಎದೆಗೇ ನಾಟಿತು. ಈ ಸಲ ಮತ್ತೆ ತಮ್ಮ ನಂಬರನ್ನೇ ಕೊಟ್ಟರು. ಶುಕ್ರವಾರ ಕುಂಬಾಳ ಮುಖ ಕಣ್ಣಿಗೆ ಬೀಳಬಾರದೆಂದು ಬೆಳಿಗ್ಗೆಯೇ ಅಂಗಡಿ ಸೇರಿದರು. ವೀಳ್ಯದೆಲೆಯ ಪೆಂಡಿಯನ್ನೇ ಕಂಪನಿಯವರೆಂದು ತಿಳಿದು ಮಾತು ತಾಲೀಮು ಮಾಡಿದರು. ಎಲೆ ಕೊಳ್ಳಲು ಬಂದ ಉಳಿವೆಪ್ಪ ಗಾಬರಿಯಾಗಿ ನಿಂತ.

ಫೋನು ರಿಂಗಾಯಿತು. ಬಂದೇಸಾಬರು ಕಣ್ಣು ಗಟ್ಟಿಯಾಗಿ ಮುಚ್ಚಿ, ಇಡೀ ಬಜಾರು ತಿರುಗಿ ನೋಡುವಂತೆ ಕೂಗಿದರು: “ಆಕಿ ನಮ್ಮಾಕಿ ಅಲ್ಲ! ಬಾಡಿಗಿಯಾಕಿ! ಪರದೇಶದಾಕಿ! ನಮಗೂ ಆಕಿಗೂ ಏನೇನೂ ಸಂಬಂಧ ಇಲ್ಲ!”

“ಧನ್ಯವಾದ ಸರ್, ಪರಿಶೀಲನೆ ಮುಗಿಯಿತು.”

ಗೆದ್ದೆನೆಂದು ಕಣ್ಣು ತೆರೆದರೆ ಎದುರಿಗೆ ಕುಂಬಾ! ನಸೀರಾ ಕೊಟ್ಟು ಕಳಿಸಿದ ಬುತ್ತಿ ಕೈಯಲ್ಲಿತ್ತು. ಅದನ್ನು ಮೆಲ್ಲಗೆ ಇಟ್ಟು ಹೊರಟುಹೋದಳು.

“ಮಗಳ, ನಿಂದ್ರ ಬೇ!” ಅನ್ನಲು ಬಾಯಿ ತೆರೆದ ಬಂದೇಸಾಬರು, ಕೈಯಲ್ಲಿನ ಫೋನು ಕಟ್ಟಾಗಿದೆಯೋ ಇಲ್ಲವೋ ಎಂದು ಹೆದರಿ ಬಾಯಿ ಮುಚ್ಚಿದರು. ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ. ಮನೆಗೆ ಹೋಗಿ ಯಾವ ಮುಖ ತೋರಿಸುವುದು? ಸಂಜೆಯಾದರೂ ಅಂಗಡಿ ಮುಚ್ಚದೆ ಕುಳಿತರು.

ಆಗ ಗುರುತಿಲ್ಲದ ನಂಬರಿನಿಂದ ಒಂದು ಫೋನು ಬಂತು.

“ಬಂದೇಸಾಬರೇನ್ರಿ?”

“ಹೌದ್ರಿ. ಯಾರು?”

“ನಾ ಯಾರೂ ಅಲ್ಲ ಬಿಡ್ರಿ. ಪರದೇಶದಾಕಿ. ನಮಗೂ ನಿಮಗೂ ಏನೇನೂ ಸಂಬಂಧ ಇಲ್ಲ.” ಅತ್ತ ನಸೀರಾ ಕಿಸಕ್ಕನೆ ನಕ್ಕದ್ದು ಕೇಳಿಸಿತು. “ನನ್ನ ಹೆಸರು ನೋಂದಣಿ ಆತು ಅಂತ ಹೇಳಾಕ ಮಾಡಿದ್ದೆ.”

ಬಂದೇಸಾಬರು ತಟ್ಟನೆ ಎದ್ದು ನಿಂತರು. “ತಪ್ಪಾತು ಮಗಳ…”

“ಏ, ಸುಮ್ನಿರ್ರಿ! ಈ ಫೋನಿನ್ಯಾಗ ಮಗಳು ಅಂದ್ರ ಕಂಪನಿಯವರು ನಂಬರ್ ಬಂದ್ ಮಾಡ್ತಾರ! ಮಗಳು ಅನ್ನಬೇಕಂದ್ರ ಮನಿಗೆ ಬಂದು ಅನ್ರಿ, ಅಬ್ಬಾಜಾನ್. ರೊಟ್ಟಿ ಆರಾಕತ್ತಾವ!”