ಬೆರಳು ಗುರುತಿಸುವ ಕಂಪ್ಯೂಟರು

"ನಾಳೆಯಿಂದ ಈ ಕಂಪ್ಯೂಟರು ಯಜಮಾನ ಯಾರು ಅಂತ ತಾನಾಗೇ ಗುರುತು ಹಿಡಿಯುತ್ತೆ, ನೋಡ್ತಿರು," ಎಂದು ಮುನಿನಾರಾಯಣಪ್ಪ ಮೇಷ್ಟ್ರು ಹೆಂಡತಿಗೆ ಸಾರಿದರು.

"ಮನೇಲಿರೋರಿಗೇ ಅದಿನ್ನೂ ಗೊತ್ತಾಗಿಲ್ಲ," ಎಂದರು ವೆಂಕಟರತ್ನಮ್ಮ, ಬತ್ತಿ ಹೊಸೆಯುತ್ತ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮೇಷ್ಟ್ರು ಟೈಪಿಂಗ್ ಇನ್‌ಸ್ಟಿಟ್ಯೂಟು ಇಟ್ಟು ಇಪ್ಪತ್ತೆರಡು ವರ್ಷ ಕಲಿಸಿದವರು. ಕೀ ಕಡೆ ಕಣ್ಣು ಹಾಯಿಸಿದವರ ಗೆಣ್ಣಿಗೆ ಅಡಿಕೋಲಿನ ಏಟು ಖಾತ್ರಿ. "ಬೆರಳಿಗೆ ಗೊತ್ತಿರ್ಬೇಕು, ಕಣ್ಣಿಗಲ್ಲ" ಎಂಬುದೇ ಅವರ ವೇದ. ತೊಂಬತ್ತಾರನೇ ಇಸವಿಯ ಹೊತ್ತಿಗೆ ವಿದ್ಯಾರ್ಥಿಗಳು ಕಂಪ್ಯೂಟರ್ ಕ್ಲಾಸಿನ ಕಡೆ ತಿರುಗಿ, ಎಂಟು ಟೈಪ್‌ರೈಟರುಗಳು ಮುಸುಕು ಹೊದ್ದು ಕೂತವು. ಮೇಷ್ಟ್ರೂ ಒಂದು ಹಳೆಯ ಕಂಪ್ಯೂಟರು ತಂದರು. ಅದರಲ್ಲಿ ಕನ್ನಡಕ್ಕೆ ಎರಡು ಬಗೆಯ ಕೀ ಜೋಡಣೆ. ಒಂದು, ಮೇಷ್ಟ್ರ ಟೈಪ್‌ರೈಟರಿನದು. ಇನ್ನೊಂದು, ಇಂಗ್ಲಿಷಿನ ಕೆ ಒತ್ತಿದರೆ ಕ ಬರುವಂಥದ್ದು. ಅದನ್ನು ವೆಂಕಟರತ್ನಮ್ಮ ಚಿಂತಾಮಣಿಯ ತಂಗಿಯ ಮನೆಯಲ್ಲಿ ಮೂರೇ ವಾರದಲ್ಲಿ ಕಲಿತು ಬಂದು, ಎರಡೇ ಬೆರಳಲ್ಲಿ ಲಗ್ನಪತ್ರಿಕೆ ಕುಟ್ಟುತ್ತಿದ್ದರು. ಒಬ್ಬರ ಜೋಡಣೆಯಲ್ಲಿ ಇನ್ನೊಬ್ಬರು ಕೂತರೆ ತೆರೆಯ ಮೇಲೆ ರಾಕ್ಷಸರ ಭಾಷೆ, ಮನೆಯಲ್ಲಿ ರಾಮ ರಾವಣರ ಯುದ್ಧ.

ಅದಕ್ಕೇ ಮೇಷ್ಟ್ರು ಪುಸ್ತಕ ಮುಂದಿಟ್ಟುಕೊಂಡು ಹದಿನೆಂಟು ದಿನ ತಿಣುಕಿ ಪ್ರೋಗ್ರಾಂ ಬರೆದಿದ್ದರು. ಯಂತ್ರ ಶುರುವಾದೊಡನೆ "ಕ ಒತ್ತಿ" ಎನ್ನುತ್ತದೆ. ಇಬ್ಬರ ಕ ಇರುವುದೂ ಬೇರೆ ಬೇರೆ ಕೀಯಲ್ಲಿ. ಯಾರ ಕ ಒತ್ತಿದರೋ ಅವರ ಜೋಡಣೆ ಬಂದು ಕೂರುತ್ತದೆ. ತಮ್ಮ ಕ ಯಾವುದೆಂದು ಮೇಷ್ಟ್ರು ಅದಕ್ಕೆ ಕಲಿಸಿದ್ದೂ ಕಣ್ಣುಮುಚ್ಚಿಯೇ, ಒಮ್ಮೆ ಒತ್ತಿ ತೋರಿಸಿ.

ಮರುದಿನ ಶುಕ್ರವಾರ. ರೇಷ್ಮೆ ನೂಲು ತೆಗೆಯುವ ರೀಲರುಗಳ ಸಂಘದ ಕಾರ್ಯದರ್ಶಿ ನರಸಿಂಹಪ್ಪ ಬರುವವರಿದ್ದರು. ಮೇಷ್ಟ್ರ ಕೆಲಸ ಮೆಚ್ಚಿದರೆ ಸಂಘದ ಟೈಪಿಂಗೆಲ್ಲ ಇಲ್ಲಿಗೇ. ಇಲ್ಲವಾದರೆ ಇನ್‌ಸ್ಟಿಟ್ಯೂಟಿಗೆ ಬೀಗ.

"ಇವತ್ತು ನೀನು ಕಂಪ್ಯೂಟರು ಮುಟ್ಬೇಡ. ಪೂಜೆ ಮಾಡು, ಸಾಕು."

ವೆಂಕಟರತ್ನಮ್ಮ ಪೂಜೆಯಷ್ಟೇ ಮಾಡಿದರು. ಆಯುಧಪೂಜೆಯ ಹಾಗೆ ಹೂವು, ಕರ್ಪೂರ, ಕೀಬೋರ್ಡಿನ ಮೇಲೆ ಕುಂಕುಮ ಹಚ್ಚಿದ ದಪ್ಪ ನಿಂಬೆಹಣ್ಣು. ಅದು ಉಫ್ ಎಂದರೂ ಒತ್ತಿಕೊಳ್ಳುವ ಸಡಿಲ ಕೀಬೋರ್ಡು. ಮೇಷ್ಟ್ರು ಕಣ್ಣುಮುಚ್ಚಿ, ಕುಲದೇವರನ್ನು ನೆನೆದು, ಸ್ವಿಚ್ ಹಾಕಿದರು. ಕಣ್ಣು ತೆರೆದಾಗ "ಕ ಒತ್ತಿ" ಎಂಬ ಪ್ರಶ್ನೆಯೇ ಇಲ್ಲ. ಯಂತ್ರ ಸಿದ್ಧವಾಗಿ ಕೂತಿದೆ.

'ನಾನು ಮುಟ್ಟೋಕೆ ಮುಂಚೇನೇ ಗುರುತು ಹಿಡೀತಲ್ಲ' ಎಂದು ಹಿಗ್ಗಿದರು. ನಿಂಬೆಹಣ್ಣನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರು.

ನರಸಿಂಹಪ್ಪ ಬಂದು ಮಹಾಸಭೆಯ ನೋಟೀಸು ಓದಿ ಹೇಳಿದರು. ಮೇಷ್ಟ್ರು ಕೀಬೋರ್ಡನ್ನೂ ನೋಡದೆ, ತೆರೆಯನ್ನೂ ನೋಡದೆ, ಅವರ ಮುಖವನ್ನೇ ನೋಡುತ್ತ ಆಲಿಕಲ್ಲು ಮಳೆಯಂತೆ ಬಡಿದರು. ಪ್ರಿಂಟರು ಕಿರುಗುಟ್ಟಿ ಹಾಳೆ ಉಗುಳಿತು.

ನರಸಿಂಹಪ್ಪ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದೇಮಿ ಮೇಷ್ಟ್ರೇ? ನಂಗೆ ಕನ್ನಡಾನೂ ಬರುತ್ತೆ, ತೆಲುಗೂ ಬರುತ್ತೆ. ಇದು ಎರಡರಲ್ಲೂ ಇಲ್ವಲ್ಲಪ್ಪ."

ಮೇಷ್ಟ್ರು ಹಾಳೆ ಇಸಕೊಂಡು ನೋಡಿದರು. ಅದೇ ರಾಕ್ಷಸರ ಭಾಷೆ.

"ಮನೇಲಿ ಇನ್ಯಾರಾದ್ರೂ ಇದ್ರೆ, ಓದೋ ಹಂಗೆ ಮಾಡ್ಕೊಡ್ಲಿ," ಎಂದರು ನರಸಿಂಹಪ್ಪ.

ವೆಂಕಟರತ್ನಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತರು. ಪ್ರತಿ ಅಕ್ಷರಕ್ಕೂ ಬಗ್ಗಿ ನೋಡುತ್ತ, ಎರಡು ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದಂತೆ ಕುಟ್ಟಿದರು. ಒಂದು ತಪ್ಪೂ ಇರಲಿಲ್ಲ.

"ಸಂಘದ ಕಾಗದ ಎಲ್ಲಾ ಅಮ್ಮನ ಹತ್ರಾನೇ ಕಳಿಸ್ತೀನಿ," ಎಂದು ನರಸಿಂಹಪ್ಪ ಎದ್ದರು. "ನೀವು ಪ್ರಿಂಟರಿಗೆ ಹಾಳೆ ಹಾಕ್ಕೊಡಿ ಮೇಷ್ಟ್ರೇ."

ಇನ್‌ಸ್ಟಿಟ್ಯೂಟು ಉಳಿಯಿತು. ಇಪ್ಪತ್ತೆರಡು ವರ್ಷ ಪಳಗಿದ ಹತ್ತು ಬೆರಳುಗಳು ಮಡಿಲಲ್ಲಿ ಬಿದ್ದಿದ್ದವು. ಆಗ ಕಣ್ಣಿಗೆ ಬಿತ್ತು, ಇಂಗ್ಲಿಷಿನ ಕೆ ಮೇಲೆ ಕುಂಕುಮದ ಗುರುತು.

"ನಿಂಬೆಹಣ್ಣು ನಿನ್ನ ಕ ಮೇಲೆ ಇಟ್ಟಿದ್ದೀಯ ಕಣೇ."

"ಉರುಳದೆ ಎಲ್ಲಿ ನಿಂತ್ಕೊಳ್ತೋ ಅಲ್ಲಿಟ್ಟೆ. ನಿಮ್ಮ ಕ ಎಲ್ಲಿದೆ ತೋರ್ಸಿ, ನಾಳೆ ಅಲ್ಲೇ ಇಡ್ತೀನಿ."

ಮೇಷ್ಟ್ರು ಬೆರಳು ಚಾಚಿದರು. ಹತ್ತೂ ಕೂಡಿದಾಗ ಓಡುತ್ತಿದ್ದ ಬೆರಳು ಒಂಟಿಯಾಗಿ ಗಾಳಿಯಲ್ಲಿ ತಡಕಾಡಿತು. ಕೊನೆಗೆ ಕನ್ನಡಕ ಏರಿಸಿ, ಕೀಬೋರ್ಡಿನ ಮೇಲೆ ಬಗ್ಗಿ, ಒಂದೊಂದೇ ಕೀ ನೋಡುತ್ತ ಹುಡುಕತೊಡಗಿದರು.

ನೋಟೀಸಿನ ಅಂಚು ಹರಿಯಲೆಂದು ವೆಂಕಟರತ್ನಮ್ಮ ಮೇಜಿನ ಮೇಲಿದ್ದ ಅಡಿಕೋಲು ಎತ್ತಿಕೊಂಡರು.

ಮೇಷ್ಟ್ರ ಕೈ ತಾನಾಗಿಯೇ ಹಿಂದಕ್ಕೆ ಸರಿಯಿತು.